ಎಲೆಕ್ಟ್ರಾನಿಕ್ ಇಗ್ನಿಷನ್ ವಾಹನಗಳಲ್ಲಿ ಟ್ಯಾಕೋಮೀಟರ್ ಹೊಂದಾಣಿಕೆ

ಟ್ಯಾಕೋಮೀಟರ್ ಎಂಬುದು ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬುದನ್ನು ತೋರಿಸುವ ಮಾಪಕ. ಈ ಅಳತೆಯನ್ನು ಆರ್‌ಪಿಎಂ ಎಂಬ ಏಕಮಾನದಲ್ಲಿ ಸೂಚಿಸಲಾಗುತ್ತದೆ. ಪೆಟ್ರೋಲ್ ವಾಹನಗಳಲ್ಲಿರುವ ಬಹುಪಾಲು ವಿದ್ಯುತ್ ಟ್ಯಾಕೋಮೀಟರ್‌ಗಳು ಕ್ರ್ಯಾಂಕ್‌ಶಾಫ್ಟಿನ ತಿರುಗುವಿಕೆಯನ್ನು ನೇರವಾಗಿ ಅಳೆಯುವುದಿಲ್ಲ. ಇಗ್ನಿಷನ್ ವ್ಯವಸ್ಥೆಯಲ್ಲಿ ಉಂಟಾಗುವ ಕಿಡಿಗಳನ್ನು ಎಣಿಸಿ, ಅದರಿಂದ ವೇಗವನ್ನು ಲೆಕ್ಕ ಹಾಕುತ್ತವೆ. ಆದ್ದರಿಂದ ಕಿಡಿಯನ್ನು ಉತ್ಪಾದಿಸುವ ವಿಧಾನ ಬದಲಾದರೆ ಮಾಪಕಕ್ಕೆ ತಲುಪುವ ಸಂಕೇತವೂ ಬದಲಾಗುತ್ತದೆ. ಹಳೆಯ ಕಾರಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಅಳವಡಿಸಿದ ಮೇಲೆ ಮುಳ್ಳು ಅಲುಗಾಡದೆ ನಿಲ್ಲುವುದು, ಹುಚ್ಚೆದ್ದು ಕುಣಿಯುವುದು ಅಥವಾ ನಿಜವಾದ ವೇಗದ ಅರ್ಧವನ್ನೋ ಎರಡರಷ್ಟನ್ನೋ ತೋರಿಸುವುದು ಇದೇ ಕಾರಣದಿಂದ.

ಮಾರುಕಟ್ಟೆಯಲ್ಲಿ ದೊರೆಯುವ ಮಾಪಕದ ಮೇಲೆ 12 ವೋಲ್ಟ್ ಎಂದು ಬರೆದಿದ್ದರೆ ಅದು ಮಾಪಕಕ್ಕೆ ಬೇಕಾದ ವಿದ್ಯುತ್ ಪೂರೈಕೆಯನ್ನು ಮಾತ್ರ ಹೇಳುತ್ತದೆ. ಮಾಪಕ ಬಯಸುವ ಸಂಕೇತ ಯಾವ ಬಗೆಯದು, ಅದನ್ನು ಎಲ್ಲಿಂದ ಪಡೆಯಬೇಕು, ಒಂದು ಸುತ್ತಿಗೆ ಎಷ್ಟು ಮಿಡಿತಗಳೆಂದು ಅದು ಭಾವಿಸಿದೆ ಎಂಬ ಮೂರು ಸಂಗತಿಗಳೇ ಹೊಂದಾಣಿಕೆಯನ್ನು ನಿರ್ಧರಿಸುತ್ತವೆ.

ಕಾರ್ಯತತ್ತ್ವ

ಬ್ಯಾಟರಿ ಆಧಾರಿತ ಸಾಂಪ್ರದಾಯಿಕ ಇಗ್ನಿಷನ್ ವ್ಯವಸ್ಥೆಯಲ್ಲಿ ಇಗ್ನಿಷನ್ ಕಾಯಿಲ್‌ನ ಪ್ರಾಥಮಿಕ ಸುರುಳಿಯ ಒಂದು ತುದಿಗೆ ಬ್ಯಾಟರಿಯ ಧನ ವಿದ್ಯುತ್ ದೊರೆಯುತ್ತದೆ. ಇನ್ನೊಂದು ತುದಿ, ಅಂದರೆ ಋಣ ತುದಿ, ಕಾಂಟ್ಯಾಕ್ಟ್ ಬ್ರೇಕರ್ ಪಾಯಿಂಟುಗಳ ಮೂಲಕ ವಾಹನದ ಚಾಸಿಗೆ ಸೇರುತ್ತದೆ. ಗ್ಯಾರೇಜುಗಳಲ್ಲಿ ಇವುಗಳನ್ನು ಸಿ.ಬಿ. ಪಾಯಿಂಟ್ ಎನ್ನುವುದು ವಾಡಿಕೆ. ಪಾಯಿಂಟುಗಳು ತೆರೆದುಕೊಂಡ ಕ್ಷಣದಲ್ಲಿ ಸುರುಳಿಯ ಪ್ರವಾಹ ಹಠಾತ್ತನೆ ನಿಂತು, ಕಾಂತಕ್ಷೇತ್ರ ಕುಸಿದು, ದ್ವಿತೀಯಕ ಸುರುಳಿಯಲ್ಲಿ ಸಾವಿರಾರು ವೋಲ್ಟುಗಳು ಹುಟ್ಟಿ ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಅದೇ ಕ್ಷಣದಲ್ಲಿ ಪ್ರಾಥಮಿಕ ಸುರುಳಿಯ ಋಣ ತುದಿಯಲ್ಲಿಯೂ ಕೆಲವು ನೂರು ವೋಲ್ಟುಗಳ ಮೊನಚಾದ ಏರಿಕೆ ಕಾಣಿಸಿಕೊಂಡು, ಕಂಪಿಸುತ್ತಾ ಇಳಿಯುತ್ತದೆ. ಟ್ಯಾಕೋಮೀಟರ್ ಹಿಡಿಯುವುದು ಈ ಏರಿಕೆಯನ್ನು.

ಮಾಪಕದ ಒಳಗಿನ ಮಂಡಲವು ಪ್ರತಿ ಏರಿಕೆಗೂ ನಿಗದಿತ ಎತ್ತರ ಮತ್ತು ನಿಗದಿತ ಅವಧಿಯ ಒಂದು ಮಿಡಿತವನ್ನು ರಚಿಸುತ್ತದೆ. ಮಿಡಿತಗಳು ಒತ್ತೊತ್ತಾಗಿ ಬಂದಷ್ಟೂ ಅವುಗಳ ಸರಾಸರಿ ಪ್ರವಾಹ ಹೆಚ್ಚಿ ಮುಳ್ಳು ಮೇಲಕ್ಕೇರುತ್ತದೆ. ಎಲ್‌ಎಂ 2907 ಮತ್ತು ಎಲ್‌ಎಂ 2917 ಎಂಬ ಐ.ಸಿ.ಗಳನ್ನು ಇಂಥ ಕೆಲಸಕ್ಕೆಂದೇ, ಆವರ್ತನವನ್ನು ವೋಲ್ಟೇಜಾಗಿ ಪರಿವರ್ತಿಸಲು ವಿನ್ಯಾಸಗೊಳಿಸಲಾಗಿದೆ. ಈಚಿನ ಮಾಪಕಗಳಲ್ಲಿ ಮೈಕ್ರೋಕಂಟ್ರೋಲರ್ ಎರಡು ಮಿಡಿತಗಳ ನಡುವಿನ ಕಾಲವನ್ನು ಅಳೆದು ಸಣ್ಣ ಸ್ಟೆಪರ್ ಮೋಟಾರಿನಿಂದ ಮುಳ್ಳನ್ನು ತಿರುಗಿಸುತ್ತದೆ. ಒಳಗಿನ ತಂತ್ರ ಯಾವುದಾದರೂ ಮಾಪಕಕ್ಕೆ ತಿಳಿಯುವುದು ಮಿಡಿತಗಳು ಮಾತ್ರ. ಎಂಜಿನ್ನಿನ ಬಗ್ಗೆ ಅದಕ್ಕೆ ಬೇರೇನೂ ತಿಳಿಯದು.

ಇಗ್ನಿಷನ್ ವ್ಯವಸ್ಥೆಯ ಬದಲಾವಣೆ

ಪಾಯಿಂಟುಗಳಿರುವ ಬ್ಯಾಟರಿ ಇಗ್ನಿಷನ್ ವ್ಯವಸ್ಥೆಯನ್ನು ರೂಪಿಸಿದವರು ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್. ಇದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಳಕೆಯಲ್ಲಿತ್ತು. ಜನರಲ್ ಮೋಟಾರ್ಸ್ 1963ರ ಮಾದರಿಯ ಪಾಂಟಿಯಾಕ್ ಕಾರುಗಳಲ್ಲಿ ಪಾಯಿಂಟುಗಳಿಲ್ಲದ ಟ್ರಾನ್ಸಿಸ್ಟರ್ ಇಗ್ನಿಷನ್ನನ್ನು ಐಚ್ಛಿಕವಾಗಿ ನೀಡಿತು. ಕ್ರೈಸ್ಲರ್ ತನ್ನ 1973ರ ಅಮೆರಿಕನ್ ಕಾರುಗಳಲ್ಲಿ ಎಲೆಕ್ಟ್ರಾನಿಕ್ ಇಗ್ನಿಷನ್ನನ್ನು ಸಾಮಾನ್ಯಗೊಳಿಸಿತು. 1970ರ ದಶಕದ ಮಧ್ಯದಲ್ಲಿ ಜನರಲ್ ಮೋಟಾರ್ಸ್‌ನ ಎಚ್‌.ಇ.ಐ. ವ್ಯವಸ್ಥೆ ಬಂದಿತು. ಇದರ ಡಿಸ್ಟ್ರಿಬ್ಯೂಟರ್ ಮುಚ್ಚಳದ ಮೇಲೆ ಟ್ಯಾಕೋಮೀಟರ್‌ಗೆಂದೇ ಗುರುತು ಮಾಡಿದ ಪ್ರತ್ಯೇಕ ತುದಿಯನ್ನು ಒದಗಿಸಲಾಗಿತ್ತು. ಹೊಸ ಮಾಪಕ ಜೋಡಿಸುವವರಿಗೆ ಇಷ್ಟು ಸುಲಭವಾದ ವ್ಯವಸ್ಥೆ ಎಲ್ಲ ವಾಹನಗಳಲ್ಲಿಯೂ ಸಿಗುವುದಿಲ್ಲ.

ಎಲೆಕ್ಟ್ರಾನಿಕ್ ಇಗ್ನಿಷನ್ ಎಂಬ ಒಂದೇ ಹೆಸರಿನಡಿ ಪರಸ್ಪರ ಭಿನ್ನವಾದ ಹಲವು ತಂತ್ರಗಳಿವೆ. ಪಾಯಿಂಟುಗಳ ಜಾಗದಲ್ಲಿ ಹಾಲ್ ಸಂವೇದಕ ಅಥವಾ ಕಾಂತೀಯ ಪಿಕಪ್ ಇಟ್ಟು, ಟ್ರಾನ್ಸಿಸ್ಟರಿನಿಂದ ಕಾಯಿಲ್‌ನ ಪ್ರವಾಹವನ್ನು ಕಡಿಯುವುದು ಒಂದು ಬಗೆ. ಇದರಲ್ಲಿ ಕಾಯಿಲ್‌ನ ಋಣ ತುದಿಯ ವರ್ತನೆ ಬಹುಮಟ್ಟಿಗೆ ಹಿಂದಿನಂತೆಯೇ ಇರುವುದರಿಂದ ವೋಲ್ಟೇಜ್ ಗ್ರಹಿಸುವ ಹಳೆಯ ಟ್ಯಾಕೋಮೀಟರ್ ಸಾಮಾನ್ಯವಾಗಿ ಕೆಲಸ ಮುಂದುವರಿಸುತ್ತದೆ. ಕೆಪಾಸಿಟರ್ ಡಿಸ್ಚಾರ್ಜ್ ಇಗ್ನಿಷನ್, ಸಂಕ್ಷಿಪ್ತವಾಗಿ ಸಿ.ಡಿ.ಐ., ಬೇರೆಯೇ ಬಗೆ. ಡಿಸ್ಟ್ರಿಬ್ಯೂಟರ್ ಇಲ್ಲದೆ ಹಲವು ಕಾಯಿಲ್‌ಗಳನ್ನು ಇ.ಸಿ.ಯು. ನಿಯಂತ್ರಿಸುವುದು ಮತ್ತೊಂದು ಬಗೆ.

ಮಿಡಿತಗಳ ಲೆಕ್ಕ

ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೆ ಎರಡು ಸುತ್ತುಗಳಿಗೊಮ್ಮೆ ಕಿಡಿ ಬೇಕು. ಎಲ್ಲ ಸಿಲಿಂಡರುಗಳಿಗೂ ಒಂದೇ ಕಾಯಿಲ್ ಇದ್ದಲ್ಲಿ, ಒಂದು ಸುತ್ತಿಗೆ ಬರುವ ಮಿಡಿತಗಳ ಸಂಖ್ಯೆ ಸಿಲಿಂಡರುಗಳ ಸಂಖ್ಯೆಯ ಅರ್ಧ. ನಾಲ್ಕು ಸಿಲಿಂಡರಿನ ಎಂಜಿನ್ 3000 ಆರ್‌ಪಿಎಂನಲ್ಲಿ ತಿರುಗುವಾಗ ನಿಮಿಷಕ್ಕೆ 6000, ಅಂದರೆ ಸೆಕೆಂಡಿಗೆ 100 ಮಿಡಿತಗಳು ದೊರೆಯುತ್ತವೆ. ಅದೇ ವೇಗದಲ್ಲಿ ಆರು ಸಿಲಿಂಡರಿನ ಎಂಜಿನ್ ಸೆಕೆಂಡಿಗೆ 150, ಎಂಟು ಸಿಲಿಂಡರಿನದು 200 ಮಿಡಿತಗಳನ್ನು ಕೊಡುತ್ತದೆ. ಹೊರಗಿನಿಂದ ಕೊಳ್ಳುವ ಟ್ಯಾಕೋಮೀಟರ್‌ಗಳ ಹಿಂಬದಿಯಲ್ಲಿ 4, 6, 8 ಎಂದು ಬರೆದ ಸ್ವಿಚ್ ಇರುವುದು ಇದಕ್ಕಾಗಿ.

ಈ ಸ್ವಿಚ್ಚಿನಲ್ಲಾಗುವ ತಪ್ಪು ಕೇವಲ ಅಂಕಿಯ ತಪ್ಪಾಗಿ ಉಳಿಯುವುದಿಲ್ಲ. ಎಂಟಕ್ಕೆ ಹೊಂದಿಸಿದ ಮಾಪಕವನ್ನು ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಜೋಡಿಸಿದರೆ ನಿಜವಾದ ವೇಗ 6000 ಇರುವಾಗ ಮುಳ್ಳು 3000ದಲ್ಲಿರುತ್ತದೆ. ಕೆಂಪು ಗೆರೆ ಇನ್ನೂ ಬಹಳ ದೂರವಿದೆಯೆಂದು ನಂಬಿದ ಚಾಲಕ ಆಕ್ಸಿಲರೇಟರ್ ಒತ್ತುತ್ತಲೇ ಹೋದರೆ ವಾಲ್ವುಗಳು ಕ್ಯಾಮ್‌ನ ಹಿಡಿತ ತಪ್ಪಿ ತೇಲತೊಡಗುತ್ತವೆ. ಕನೆಕ್ಟಿಂಗ್ ರಾಡ್ ಮತ್ತು ಬೇರಿಂಗುಗಳ ಮೇಲೆ ಮಿತಿಮೀರಿದ ಹೊರೆ ಬೀಳುತ್ತದೆ. ಹೆಚ್ಚು ತೋರಿಸುವ ಮಾಪಕಕ್ಕಿಂತ ಕಡಿಮೆ ತೋರಿಸುವ ಮಾಪಕ ಅಪಾಯಕಾರಿ.

ಡಿಸ್ಟ್ರಿಬ್ಯೂಟರ್ ಇಲ್ಲದ ವ್ಯವಸ್ಥೆಗಳಲ್ಲಿ ಸಿಲಿಂಡರುಗಳ ಸಂಖ್ಯೆಯನ್ನಷ್ಟೇ ನೋಡಿ ಸ್ವಿಚ್ ಇಡುವಂತಿಲ್ಲ. ನಾಲ್ಕು ಸಿಲಿಂಡರಿನ ಕೆಲವು ಎಂಜಿನ್‌ಗಳಲ್ಲಿ ಎರಡು ಕಾಯಿಲ್‌ಗಳಿದ್ದು, ಪ್ರತಿಯೊಂದೂ ಎರಡು ಪ್ಲಗ್ಗುಗಳಿಗೆ ಏಕಕಾಲದಲ್ಲಿ ಕಿಡಿ ನೀಡುತ್ತದೆ. ಒಂದು ಕಿಡಿ ಇಂಧನ ಮಿಶ್ರಣವನ್ನು ಹೊತ್ತಿಸಿದರೆ ಮತ್ತೊಂದು, ಹೊಗೆ ಹೊರಹೋಗುತ್ತಿರುವ ಸಿಲಿಂಡರಿನಲ್ಲಿ ವ್ಯರ್ಥವಾಗುತ್ತದೆ. ಇಂಥ ಒಂದು ಕಾಯಿಲ್ ಪ್ರತಿ ಸುತ್ತಿಗೂ ಒಮ್ಮೆ ಮಿಡಿಯುವುದರಿಂದ, ಅದರ ಸಂಕೇತ ಪಡೆಯುವ ಮಾಪಕವನ್ನು ಎರಡು ಸಿಲಿಂಡರಿಗೆ ಹೊಂದಿಸಬೇಕು. ಪ್ರತಿ ಪ್ಲಗ್ಗಿನ ಮೇಲೂ ಪ್ರತ್ಯೇಕ ಕಾಯಿಲ್ ಕುಳಿತಿರುವ ಎಂಜಿನ್ನಿನಲ್ಲಿ ಒಂದು ಕಾಯಿಲ್ ಸಾಮಾನ್ಯವಾಗಿ ಎರಡು ಸುತ್ತಿಗೊಮ್ಮೆ ಮಾತ್ರ ಮಿಡಿಯುತ್ತದೆ. ಅದಕ್ಕೆ ಒಂದು ಸಿಲಿಂಡರಿನ ಹೊಂದಿಕೆ ಬೇಕು. ಈ ಆಯ್ಕೆಯಿಲ್ಲದ ಮಾಪಕಕ್ಕೆ ಎಲ್ಲ ಕಾಯಿಲ್‌ಗಳ ಸಂಕೇತಗಳನ್ನು ಡಯೋಡುಗಳ ಮೂಲಕ ಒಗ್ಗೂಡಿಸಿ ಕೊಡುವ ಅಡಾಪ್ಟರುಗಳಿವೆ.

ವೋಲ್ಟೇಜ್ ಮಾದರಿ ಮತ್ತು ಪ್ರವಾಹ ಮಾದರಿ

ಕಾಯಿಲ್‌ನ ಋಣ ತುದಿಗೆ ಒಂದು ತಂತಿಯಿಂದ ಸೇರಿಸುವ ಮಾಪಕಗಳು ವೋಲ್ಟೇಜ್ ಮಾದರಿಯವು. ಈಗ ದೊರೆಯುವ ಬಹುತೇಕ ಮಾಪಕಗಳು ಈ ಗುಂಪಿಗೆ ಸೇರುತ್ತವೆ. 1960ರ ದಶಕದ ಬ್ರಿಟಿಷ್ ಕಾರುಗಳಲ್ಲಿ ಬಳಕೆಯಲ್ಲಿದ್ದ ಸ್ಮಿತ್ಸ್ ಕಂಪನಿಯ ಆರ್‌.ವಿ.ಐ. ಸರಣಿಯ ಮಾಪಕಗಳ ರೀತಿಯೇ ಬೇರೆ. ಅವುಗಳಲ್ಲಿ ಇಗ್ನಿಷನ್ ಸ್ವಿಚ್ಚಿನಿಂದ ಕಾಯಿಲ್‌ಗೆ ಹೋಗುವ ತಂತಿಯೇ ಮಾಪಕದ ಬಳಿ ಒಂದು ಕುಣಿಕೆಯಾಗಿ ಸುತ್ತಿಕೊಂಡು ಮುಂದೆ ಸಾಗುತ್ತದೆ. ತಂತಿಯಲ್ಲಿ ಹರಿಯುವ ಪ್ರವಾಹ ಪ್ರತಿ ಕಿಡಿಗೂ ಕಡಿದಾಗ, ಮಾಪಕದೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರಿನಲ್ಲಿ ಪ್ರೇರಿತವಾಗುವ ಮಿಡಿತವನ್ನು ಎಣಿಸಲಾಗುತ್ತದೆ. ಹಾಗಾಗಿ ಇದು ಪ್ರವಾಹ ಮಾದರಿ. ಎಂ.ಜಿ.ಬಿ.ಯಂತಹ ಕಾರುಗಳಲ್ಲಿ ಇದು ಪ್ರಸಿದ್ಧ. ನಂತರ ಬಂದ ಆರ್‌.ವಿ.ಸಿ. ಸರಣಿಯು ವೋಲ್ಟೇಜ್ ಮಾದರಿಯದು. ಇವೆರಡರ ಮುಖಫಲಕಗಳು ನೋಡಲು ಒಂದೇ ತೆರನಾಗಿರುವುದರಿಂದ, ಹಳೆಯ ಮಾಪಕ ಕೊಳ್ಳುವವರು ಡಯಲಿನ ಮೇಲಿನ ಸಣ್ಣ ಅಕ್ಷರದ ಸಂಕೇತವನ್ನು ಓದುವುದು ಅವಶ್ಯ.

ಪ್ರವಾಹ ಮಾದರಿಯ ಮಾಪಕಕ್ಕೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಲವು ವೇಳೆ ಒಗ್ಗುವುದಿಲ್ಲ. ಪಾಯಿಂಟುಗಳು ಪ್ರವಾಹವನ್ನು ನಿಗದಿತ ಕೋನದವರೆಗೆ ಹರಿಯಲು ಬಿಟ್ಟು ಕಡಿಯುತ್ತವೆ. ಎಲೆಕ್ಟ್ರಾನಿಕ್ ಮಾಡ್ಯೂಲ್ ಆ ಅವಧಿಯನ್ನು ತನಗೆ ಬೇಕಾದಂತೆ ಬದಲಿಸುತ್ತದೆ, ಕೆಲವೊಮ್ಮೆ ಪ್ರವಾಹದ ಗರಿಷ್ಠ ಮಿತಿಯನ್ನೂ ಹಿಡಿದಿಡುತ್ತದೆ. ಮಾಡ್ಯೂಲಿಗೆ ಬೇಕಾದ ವಿದ್ಯುತ್ತನ್ನೂ ಅದೇ ತಂತಿಯಿಂದ ತೆಗೆದಿದ್ದರೆ ಕುಣಿಕೆಯಲ್ಲಿ ಎರಡು ಪ್ರವಾಹಗಳು ಬೆರೆಯುತ್ತವೆ. ಕುಣಿಕೆಯ ಮೂಲಕ ಕಾಯಿಲ್‌ನ ಪ್ರವಾಹ ಮಾತ್ರ ಹೋಗುವಂತೆ ತಂತಿಯನ್ನು ಬದಲಿಸುವುದು ಮೊದಲ ಪರಿಹಾರ. ಅದರಿಂದಲೂ ಸರಿಹೋಗದಿದ್ದರೆ ಹಳೆಯ ಡಯಲ್ ಮತ್ತು ಮುಳ್ಳನ್ನು ಉಳಿಸಿಕೊಂಡು ಒಳಗಿನ ಮಂಡಲವನ್ನು ವೋಲ್ಟೇಜ್ ಮಾದರಿಯದಕ್ಕೆ ಬದಲಾಯಿಸಬಹುದು. ಕಾರಿನ ಮೂಲರೂಪ ಕೆಡಬಾರದೆಂದು ಬಯಸುವ ಸಂಗ್ರಾಹಕರು ಹೆಚ್ಚಾಗಿ ಈ ದಾರಿ ಹಿಡಿಯುತ್ತಾರೆ.

ಈ ಮಾದರಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇಗ್ನಿಷನ್ನಿಗೆ ಬೇಕಾದ ವಿದ್ಯುತ್ತೇ ಮಾಪಕದ ಕುಣಿಕೆಯನ್ನು ಹಾದು ಹೋಗಬೇಕಾದುದರಿಂದ, ಅಲ್ಲಿನ ಕನೆಕ್ಟರ್ ಸಡಿಲವಾದರೆ ಅಥವಾ ತುಕ್ಕು ಹಿಡಿದರೆ ಎಂಜಿನ್ ನಿಂತುಹೋಗುತ್ತದೆ. ಕಾರಣ ಎಂಜಿನ್ ಕೋಣೆಯಲ್ಲಿಲ್ಲ, ಡ್ಯಾಶ್‌ಬೋರ್ಡಿನ ಹಿಂದಿದೆ ಎಂಬುದು ಎಲ್ಲರಿಗೂ ಹೊಳೆಯುವುದಿಲ್ಲ.

ಆ ಕಾಲದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಚಾಸಿಗೆ ಸೇರಿಸಲಾಗುತ್ತಿತ್ತು. ಎಂ.ಜಿ.ಬಿ. 1967ರ ಕೊನೆಯ ಭಾಗದಲ್ಲಿ ಈ ಪದ್ಧತಿಯಿಂದ ಋಣ ತುದಿಯ ಪದ್ಧತಿಗೆ ಬದಲಾಯಿತು. ಬಹುತೇಕ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್‌ಗಳು ಋಣ ತುದಿಯ ಚಾಸಿಯನ್ನು ಬಯಸುವುದರಿಂದ ಹಳೆಯ ಕಾರಿನ ಮಾಲೀಕರು ಬ್ಯಾಟರಿಯನ್ನು ತಿರುಗಿಸಿ ಜೋಡಿಸುವುದುಂಟು. ಆಗ ಟ್ಯಾಕೋಮೀಟರಿನ ಒಳಗಿನ ವಿದ್ಯುತ್ ಸಂಪರ್ಕವನ್ನೂ, ಕುಣಿಕೆಯಲ್ಲಿ ಪ್ರವಾಹ ಹರಿಯುವ ದಿಕ್ಕನ್ನೂ ಬದಲಿಸಬೇಕು. ಇದನ್ನು ಮರೆತರೆ ಒಳಗಿನ ಟ್ರಾನ್ಸಿಸ್ಟರ್‌ಗಳು ಕೆಡುತ್ತವೆ.

ಸಿ.ಡಿ.ಐ. ವ್ಯವಸ್ಥೆ

ಸಿ.ಡಿ.ಐ. ವ್ಯವಸ್ಥೆಯಲ್ಲಿ ಕಾಯಿಲ್ ಶಕ್ತಿಯನ್ನು ಕೂಡಿಡುವುದಿಲ್ಲ. ಒಂದು ಕೆಪಾಸಿಟರನ್ನು ಕೆಲವು ನೂರು ವೋಲ್ಟುಗಳವರೆಗೆ ತುಂಬಿಸಿ, ಕಿಡಿ ಬೇಕಾದ ಕ್ಷಣದಲ್ಲಿ ಅದನ್ನು ಕಾಯಿಲ್‌ನ ಪ್ರಾಥಮಿಕ ಸುರುಳಿಗೆ ಒಮ್ಮೆಲೇ ಸುರಿಯಲಾಗುತ್ತದೆ. ಕಾಯಿಲ್ ಇಲ್ಲಿ ಟ್ರಾನ್ಸ್‌ಫಾರ್ಮರಿನಂತೆ ಮಾತ್ರ ವರ್ತಿಸುತ್ತದೆ. ಸಾಮಾನ್ಯ ಕಾಯಿಲ್ ಇಗ್ನಿಷನ್ನಿನ ಕಿಡಿ ಸುಮಾರು ಒಂದರಿಂದ ಎರಡು ಮಿಲಿಸೆಕೆಂಡು ಉರಿದರೆ, ಸಿ.ಡಿ.ಐ. ಕಿಡಿಯ ಆಯುಸ್ಸು ಅದಕ್ಕಿಂತ ಬಹಳ ಕಡಿಮೆ.

ಹೊಂದಾಣಿಕೆಯ ದೃಷ್ಟಿಯಿಂದ ಇದು ಅತ್ಯಂತ ಎಚ್ಚರಿಕೆ ಬೇಡುವ ವ್ಯವಸ್ಥೆ. ಇದರಲ್ಲಿ ಕಾಯಿಲ್‌ನ ತುದಿಗಳಿಗೆ ಬರುವುದು ಬ್ಯಾಟರಿಯ 12 ವೋಲ್ಟ್ ಅಲ್ಲ. ಕೆಪಾಸಿಟರಿನ ಪೂರ್ಣ ವೋಲ್ಟೇಜ್. ಪಾಯಿಂಟು ಕಾಲದ ಅಭ್ಯಾಸದಂತೆ ಟ್ಯಾಕೋಮೀಟರಿನ ತಂತಿಯನ್ನು ಕಾಯಿಲ್‌ಗೆ ಸಿಕ್ಕಿಸಿದರೆ ಮಾಪಕ ಸುಟ್ಟುಹೋಗಬಹುದು, ಸಿ.ಡಿ.ಐ. ಘಟಕವೂ ಹಾಳಾಗಬಹುದು, ಕೆಲಸ ಮಾಡುವವರಿಗೆ ತೀವ್ರ ವಿದ್ಯುದಾಘಾತವೂ ಆಗಬಹುದು. ಕೆಲವು ಸಿ.ಡಿ.ಐ. ಘಟಕಗಳು ಕಡಿಮೆ ವೇಗದಲ್ಲಿ ಒಂದು ಹೊಡೆತಕ್ಕೆ ಒಂದರ ಬದಲು ಹಲವು ಕಿಡಿಗಳನ್ನು ಸಾಲಾಗಿ ಹಾರಿಸುತ್ತವೆ. ಅವನ್ನೆಲ್ಲ ಎಣಿಸಿದ ಮಾಪಕವು ಐಡಲ್ ವೇಗದಲ್ಲಿಯೇ ಹಲವು ಸಾವಿರ ತೋರಿಸಿ, ವೇಗ ಏರಿದಾಗ ಇದ್ದಕ್ಕಿದ್ದಂತೆ ಕೆಳಗಿಳಿಯುತ್ತದೆ.

ಇದಕ್ಕಾಗಿಯೇ ಕಾರುಗಳಿಗೆಂದು ಮಾರುವ ಸಿ.ಡಿ.ಐ. ಪೆಟ್ಟಿಗೆಗಳಲ್ಲಿ ಟ್ಯಾಕೋಮೀಟರ್‌ಗೆ ಪ್ರತ್ಯೇಕ ತುದಿ ಇರುತ್ತದೆ. ಎಷ್ಟು ಕಿಡಿ ಹಾರಿದರೂ ಈ ತುದಿಯಲ್ಲಿ ಪ್ರತಿ ಸಿಲಿಂಡರಿನ ಸರದಿಗೆ ಒಂದೇ ಒಂದು 12 ವೋಲ್ಟಿನ ಚೌಕ ಮಿಡಿತ ಸಿಗುತ್ತದೆ. ಕಾಯಿಲ್‌ನ ನೂರಾರು ವೋಲ್ಟುಗಳ ಏರಿಕೆಗೆಂದು ರೂಪಿಸಿದ ಹಳೆಯ ಮಾಪಕಕ್ಕೆ ಇದು ಸಾಲದೆ ಹೋಗಬಹುದು. ಆಗ ಇಗ್ನಿಷನ್ ತಯಾರಕರೇ ಸೂಚಿಸುವ ಟ್ಯಾಕ್ ಅಡಾಪ್ಟರ್ ಬಳಸಬೇಕು. ಪ್ರವಾಹ ಮಾದರಿಗೂ ವೋಲ್ಟೇಜ್ ಮಾದರಿಗೂ ಅಡಾಪ್ಟರ್ ಬೇರೆ ಬೇರೆ.

ಇ.ಸಿ.ಯು. ನೀಡುವ ಸಂಕೇತ

ಇಂಧನ ಇಂಜೆಕ್ಷನ್ ಇರುವ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟ್ ಸಂವೇದಕದಿಂದ ವೇಗವನ್ನು ತಿಳಿದುಕೊಳ್ಳುವ ಇ.ಸಿ.ಯು. ಅದನ್ನು ಮಾಪಕಕ್ಕೆ ಒಂದು ತಂತಿಯ ಮೂಲಕ ಕಳುಹಿಸುತ್ತದೆ. ಈ ತಂತಿಯ ಸಂಕೇತ ಸಿಲಿಂಡರುಗಳ ಸಂಖ್ಯೆಯನ್ನು ಅನುಸರಿಸಲೇಬೇಕೆಂಬ ನಿಯಮವಿಲ್ಲ. ಜನರಲ್ ಮೋಟಾರ್ಸ್‌ನ ಎಲ್‌.ಎಸ್. ಸರಣಿಯ ಎಂಟು ಸಿಲಿಂಡರಿನ ಎಂಜಿನ್‌ಗಳ ಇ.ಸಿ.ಯು. ಸುತ್ತಿಗೆ ಎರಡು ಮಿಡಿತಗಳನ್ನು, ಅಂದರೆ ನಾಲ್ಕು ಸಿಲಿಂಡರಿನ ಸಂಕೇತವನ್ನು ಕಳುಹಿಸುವುದು ಇದಕ್ಕೆ ಚಿರಪರಿಚಿತ ಉದಾಹರಣೆ. ಈ ಎಂಜಿನ್ನನ್ನು ಹಳೆಯ ಕಾರಿಗೆ ಕೂರಿಸಿ, ಮಾಪಕದ ಸ್ವಿಚ್ಚನ್ನು 8ರಲ್ಲಿಯೇ ಬಿಟ್ಟವರು ಅರ್ಧ ವೇಗವನ್ನು ಕಾಣುತ್ತಾರೆ.

ಇ.ಸಿ.ಯು.ಗಳ ಹೊರತುದಿ ಹಲವು ವೇಳೆ ತೆರೆದ ಕಲೆಕ್ಟರ್ ಮಾದರಿಯದು. ಅದು ತಂತಿಯನ್ನು ಚಾಸಿಗೆ ಎಳೆಯಬಲ್ಲದೇ ಹೊರತು ಮೇಲಕ್ಕೆತ್ತಲಾರದು. ತಂತಿಗೂ 12 ವೋಲ್ಟಿಗೂ ನಡುವೆ ಕೆಲವು ಕಿಲೋ ಓಮ್‌ಗಳ ರೋಧಕವೊಂದನ್ನು ಸೇರಿಸಿದರೆ ಮಾತ್ರ ಮಿಡಿತ ಮೂಡುತ್ತದೆ. ರೋಧಕದ ನಿಖರ ಬೆಲೆಯನ್ನು ಆಯಾ ಇ.ಸಿ.ಯು.ವಿನ ಕೈಪಿಡಿಯಲ್ಲಿ ನೋಡಬೇಕು. 5 ವೋಲ್ಟಿನ ಸಂಕೇತವನ್ನು ಗ್ರಹಿಸದ ಮಾಪಕಗಳಿಗೂ ಇದೇ ಕಾರಣದಿಂದ ಪರಿವರ್ತಕ ಬೇಕಾಗುತ್ತದೆ. ಒ.ಬಿ.ಡಿ. 2 ಸಾಕೆಟ್ ಇರುವ ಕಾರುಗಳಲ್ಲಿ ಇನ್ನೊಂದು ದಾರಿಯಿದೆ: ಎಂಜಿನ್ ವೇಗವು ನಿಗದಿತ ಸಂಕೇತಾಂಕದ ಅಡಿಯಲ್ಲಿ ಅಂಕಿಯಾಗಿಯೇ ದೊರೆಯುತ್ತದೆ. ಅಲ್ಲಿಗೆ ಜೋಡಿಸುವ ಡಿಜಿಟಲ್ ಮಾಪಕಕ್ಕೆ ಮಿಡಿತಗಳ ಲೆಕ್ಕವೇ ಬೇಡ. ಒಂದಿಷ್ಟು ತಡವಾಗಿ ಸ್ಪಂದಿಸುತ್ತದೆ ಎಂಬುದಷ್ಟೇ ಅದರ ಕೊರತೆ.

ದ್ವಿಚಕ್ರ ವಾಹನಗಳು

ಎರಡು ಹೊಡೆತದ ಒಂಟಿ ಸಿಲಿಂಡರ್ ಎಂಜಿನ್ ಪ್ರತಿ ಸುತ್ತಿಗೂ ಒಂದು ಕಿಡಿ ಪಡೆಯುತ್ತದೆ. ಮಾಪಕದ ಮಟ್ಟಿಗೆ ಅದು ನಾಲ್ಕು ಹೊಡೆತದ ಎರಡು ಸಿಲಿಂಡರ್ ಎಂಜಿನ್ನಿಗೆ ಸಮ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಮೋಟಾರ್‌ಸೈಕಲ್‌ಗಳಲ್ಲಿ ಒಂಟಿ ಸಿಲಿಂಡರಿನವು ಈ ಗುಂಪಿಗೆ ಸೇರುತ್ತವೆ. ಪಾಯಿಂಟುಗಳೊಂದಿಗೆ ಬಂದ ಈ ವಾಹನಗಳಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಅಳವಡಿಸುವ ಅಭಿಮಾನಿಗಳು ಹೊಸ ಟ್ಯಾಕೋಮೀಟರ್ ಕೊಳ್ಳುವ ಮುನ್ನ ಬ್ಯಾಟರಿ ಎಷ್ಟು ವೋಲ್ಟಿನದೆಂದು ನೋಡಿಕೊಳ್ಳಬೇಕು. ಹಳೆಯ ಮಾದರಿಗಳ 6 ವೋಲ್ಟಿನಲ್ಲಿ 12 ವೋಲ್ಟಿನ ಮಾಪಕ ಸರಿಯಾಗಿ ನಡೆಯದು.

ನಾಲ್ಕು ಹೊಡೆತದ ಒಂಟಿ ಸಿಲಿಂಡರ್ ಮೋಟಾರ್‌ಸೈಕಲ್‌ಗೆ ಎರಡು ಸುತ್ತಿಗೊಂದು ಕಿಡಿ ಸಾಕು. ಆದರೆ ಕಿಡಿಯ ಸಮಯವನ್ನು ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿರುವ ಫ್ಲೈವೀಲ್‌ನಿಂದ ಗ್ರಹಿಸುವ ಎಂಜಿನ್‌ಗಳಲ್ಲಿ ಪ್ರತಿ ಸುತ್ತಿಗೂ ಕಿಡಿ ಹಾರುವುದು ಸಾಮಾನ್ಯ. ಪುಸ್ತಕದ ಸೂತ್ರದಂತೆ ಹೊಂದಿಸಿದ ಮಾಪಕ ಇಂಥಲ್ಲಿ ಎರಡರಷ್ಟನ್ನು ತೋರಿಸುತ್ತದೆ. ಮಾಪಕಕ್ಕಾಗಿ ಪಲ್ಸರ್ ಕಾಯಿಲ್‌ನ ತಂತಿಯನ್ನು ಕೊಯ್ದು ಸಂಕೇತ ತೆಗೆಯುವುದು ಸಲ್ಲದು. ಆ ದುರ್ಬಲ ಸಂಕೇತದ ಮೇಲೆ ಹೊರೆ ಬಿದ್ದರೆ ಕಿಡಿಯ ಸಮಯವೇ ಏರುಪೇರಾಗುತ್ತದೆ. ಸ್ಪಾರ್ಕ್ ಪ್ಲಗ್ಗಿಗೆ ಹೋಗುವ ದಪ್ಪ ತಂತಿಯ ಮೇಲೆ ತೆಳು ತಂತಿಯನ್ನು ಕೆಲವು ಸುತ್ತು ಸುತ್ತಿ ಸಂಕೇತ ಪಡೆಯುವ ಚಿಕ್ಕ ಡಿಜಿಟಲ್ ಮಾಪಕಗಳು ಅಗ್ಗ, ನಿರಪಾಯಕಾರಿ. ವಿದ್ಯುತ್ ಸಂಪರ್ಕವೇ ಇಲ್ಲದಿರುವುದರಿಂದ ಅವು ಸಿ.ಡಿ.ಐ. ವಾಹನಗಳಲ್ಲಿಯೂ ನಡೆಯುತ್ತವೆ.

ಜೋಡಣೆ ಮತ್ತು ಪರೀಕ್ಷೆ

ಕಾಯಿಲ್‌ನ ಋಣ ತುದಿಯಿಂದ ಮಾಪಕಕ್ಕೆ ಹೋಗುವ ತಂತಿಯ ಹೊದಿಕೆ ಸವೆದು ಚಾಸಿಗೆ ತಗುಲಿದರೆ ಕಾಯಿಲ್‌ನ ಪ್ರವಾಹ ಕಡಿಯುವುದೇ ನಿಂತು, ಕಿಡಿ ಇಲ್ಲವಾಗಿ, ಚಲಿಸುತ್ತಿರುವ ವಾಹನ ರಸ್ತೆಯಲ್ಲಿಯೇ ನಿಲ್ಲುತ್ತದೆ. ತಂತಿಯನ್ನು ರಬ್ಬರ್ ಗ್ರಾಮೆಟ್ ಮೂಲಕ ಒಳತರುವುದು, ಬಿಸಿ ಭಾಗಗಳಿಂದ ದೂರವಿಡುವುದು, ಮಾಪಕದ ತಯಾರಕರು ಒಪ್ಪಿದಲ್ಲಿ ಕಾಯಿಲ್‌ನ ಬಳಿಯೇ ಸರಣಿಯಲ್ಲಿ ಒಂದು ರೋಧಕವನ್ನು ಸೇರಿಸುವುದು ಇದಕ್ಕೆ ಪರಿಹಾರ. ರೋಧಕವಿದ್ದರೆ ಮುಂದೆ ತಂತಿ ಚಾಸಿಗೆ ತಗುಲಿದರೂ ಮಾಪಕ ಮಾತ್ರ ನಿಲ್ಲುತ್ತದೆ, ಎಂಜಿನ್ ನಡೆಯುತ್ತಲೇ ಇರುತ್ತದೆ. ಎಂಜಿನ್ ಸ್ಟಾರ್ಟ್ ಆಗದ ತೊಂದರೆಯನ್ನು ಪರಿಶೀಲಿಸುವ ಮೆಕ್ಯಾನಿಕ್ ಮೊದಲು ಟ್ಯಾಕೋಮೀಟರಿನ ತಂತಿಯನ್ನು ಕಳಚಿ ನೋಡುವುದೂ ಇದೇ ತಿಳಿವಿನಿಂದ.

ಮುಳ್ಳು ಅತ್ತಿತ್ತ ಜಿಗಿಯುತ್ತಿದ್ದರೆ ಮಾಪಕ ಕೆಟ್ಟಿದೆಯೆಂದು ತೀರ್ಮಾನಿಸುವ ಮೊದಲು ಚಾಸಿ ಸಂಪರ್ಕವನ್ನೂ ಸಂಕೇತದ ತಂತಿಯು ಪ್ಲಗ್ ತಂತಿಗಳ ಪಕ್ಕದಲ್ಲಿ ಸಾಗಿದೆಯೇ ಎಂಬುದನ್ನೂ ನೋಡಬೇಕು. ರೋಧಕಗುಣವಿಲ್ಲದ ತಾಮ್ರದ ಪ್ಲಗ್ ತಂತಿಗಳು ಸೂಸುವ ರೇಡಿಯೋ ಗದ್ದಲವನ್ನು ಮಾಪಕ ಕಿಡಿಯೆಂದು ಭ್ರಮಿಸುವುದುಂಟು.

ಜೋಡಿಸಿದ ಮಾಪಕ ಸರಿಯಾಗಿದೆಯೇ ಎಂದು ತಿಳಿಯಲು ಕ್ರ್ಯಾಂಕ್ ಪುಲ್ಲಿಯ ಮೇಲೆ ಪ್ರತಿಫಲಕ ಪಟ್ಟಿಯ ತುಣುಕನ್ನು ಅಂಟಿಸಿ, ಬೆಳಕಿನಿಂದ ಎಣಿಸುವ ಕೈ ಟ್ಯಾಕೋಮೀಟರಿನೊಂದಿಗೆ ಹೋಲಿಸಬಹುದು. ಇದು ಕಿಡಿಯನ್ನಲ್ಲದೆ ತಿರುಗುವಿಕೆಯನ್ನೇ ಎಣಿಸುವುದರಿಂದ ಅದರ ಅಂಕಿ ನಂಬಲರ್ಹ. ವ್ಯತ್ಯಾಸವು ಎಲ್ಲ ವೇಗಗಳಲ್ಲಿಯೂ ಅರ್ಧ, ಎರಡರಷ್ಟು, ಒಂದೂವರೆಯಷ್ಟು ಹೀಗೆ ಒಂದೇ ಅನುಪಾತದಲ್ಲಿದ್ದರೆ ದೋಷ ಮಿಡಿತಗಳ ಲೆಕ್ಕದಲ್ಲಿದೆ. ಒಂದು ವೇಗದವರೆಗೆ ಸರಿಯಾಗಿದ್ದು ಆಮೇಲೆ ಮುಳ್ಳು ಕುಸಿದರೆ ಸಂಕೇತ ದುರ್ಬಲವಾಗಿದೆ. ಫ್ರೀಕ್ವೆನ್ಸಿ ಅಳೆಯುವ ಮಲ್ಟಿಮೀಟರ್ ಇದ್ದವರು ಸಂಕೇತದ ತಂತಿಯಲ್ಲಿ ಸೆಕೆಂಡಿಗೆ ಬರುವ ಮಿಡಿತಗಳನ್ನು ಓದಿ, 60ರಿಂದ ಗುಣಿಸಿ, ಸುತ್ತಿಗೆ ಬರುವ ಮಿಡಿತಗಳಿಂದ ಭಾಗಿಸಿದರೆ ಆರ್‌ಪಿಎಂ ಸಿಗುತ್ತದೆ. ಆದರೆ ಕಾಯಿಲ್‌ನ ತುದಿಗೆ ನೇರವಾಗಿ ಮಲ್ಟಿಮೀಟರ್ ಹಿಡಿಯುವ ಮೊದಲು ಅದು ಎಷ್ಟು ವೋಲ್ಟ್ ತಾಳಬಲ್ಲದೆಂದು ನೋಡಿಕೊಳ್ಳಬೇಕು.

ಕಿಡಿಯನ್ನು ಅವಲಂಬಿಸದ ಮಾಪಕಗಳು

ಕೇಬಲ್‌ನಿಂದ ತಿರುಗುವ ಯಾಂತ್ರಿಕ ಟ್ಯಾಕೋಮೀಟರ್‌ಗೆ ಇಗ್ನಿಷನ್ ಬದಲಾವಣೆಯಿಂದ ಯಾವ ಬಾಧೆಯೂ ಇಲ್ಲ. ಜಾಗ್ವಾರ್ ಮಾರ್ಕ್ 2 ಕಾರಿನಲ್ಲಿ ಕ್ಯಾಮ್‌ಶಾಫ್ಟಿನಿಂದ ತಿರುಗುವ ಪುಟ್ಟ ಜನರೇಟರ್ ಮಾಪಕಕ್ಕೆ ವಿದ್ಯುತ್ ಕಳುಹಿಸುತ್ತಿತ್ತು; ಅಂಥ ಕಾರಿಗೂ ಇದೇ ಮಾತು ಅನ್ವಯಿಸುತ್ತದೆ. ಡೀಸೆಲ್ ಎಂಜಿನ್‌ಗಳಲ್ಲಿ ಕಿಡಿಯೇ ಇಲ್ಲದ ಕಾರಣ ಆಲ್ಟರ್ನೇಟರಿನ ಡಬ್ಲ್ಯೂ ಎಂಬ ತುದಿಯಿಂದ ಸಂಕೇತ ಪಡೆಯುವುದು ರೂಢಿ. ಆಗ ಆಲ್ಟರ್ನೇಟರಿನ ಧ್ರುವಗಳ ಸಂಖ್ಯೆ ಮತ್ತು ಪುಲ್ಲಿಗಳ ಅನುಪಾತಕ್ಕೆ ತಕ್ಕಂತೆ ಮಾಪಕವನ್ನು ಹೊಂದಿಸಬೇಕು. ದೋಣಿಗಳ ಔಟ್‌ಬೋರ್ಡ್ ಎಂಜಿನ್‌ಗಳ ಮಾಪಕಗಳಲ್ಲಿಯೂ ಹಿಂಬದಿಯ ಸ್ವಿಚ್ ಹಲವು ವೇಳೆ ಸಿಲಿಂಡರುಗಳನ್ನಲ್ಲ, ಆಲ್ಟರ್ನೇಟರಿನ ಧ್ರುವಗಳನ್ನು ಸೂಚಿಸುತ್ತದೆ. ಅದರ ಮೇಲಿನ 4, 6, 12 ಎಂಬ ಅಂಕಿಗಳನ್ನು ಕಾರಿನ ಮಾಪಕದ ಅಂಕಿಗಳಂತೆ ಓದಬಾರದು.